ಖಾಲಿ ಮನೆಯ ಹೊಣೆ ಯಾರದು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಎರಡನ್ನು ಹೇಳಿ ನಿಲ್ಲಿಸಿದರು. ‘ಮನೆ ಮಾರಿ ನೋಡು’ ಎಂಬ ಮೂರನೆಯ ಮಾತನ್ನು ಸೇರಿಸಲಿಲ್ಲ. ಅವರ ಕಾಲಕ್ಕೆ ಮನೆ ಮಾರುವುದೆಂದರೆ ಸಾಲ ಕುತ್ತಿಗೆಗೆ ಬಂದವರ ಪಾಡು. ನಾಲ್ಕು ಜನರೆದುರು ಆಡುವ ಮಾತಾಗಿರಲಿಲ್ಲ. ಈ ದೇಶಕ್ಕೆ ಬಂದ ನಮಗಾದರೋ ಅದು ಸಂಸಾರದ ಮಾಮೂಲು ಘಟ್ಟಗಳಲ್ಲಿ ಒಂದಾಗಿಬಿಟ್ಟಿದೆ. ಡೆಟ್ರಾಯಿಟ್ ಸುತ್ತಿನ ಕಾರು ಕಂಪನಿಗಳ ಕೆಲಸವನ್ನು ನಂಬಿ ಬಂದವರು ನಾವು. ಕೆಲಸ ಟೆಕ್ಸಸ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಎಳೆದಾಗ, ಮಕ್ಕಳ ಶಾಲೆ ಶುರುವಾಗುವ ಮೊದಲೇ ಗಂಟುಮೂಟೆ ಕಟ್ಟಿ ಹೊರಟುಬಿಡುತ್ತೇವೆ. ಅಂಗಳದಲ್ಲಿ ‘ಮಾರಾಟಕ್ಕಿದೆ’ ಬೋರ್ಡು ನಿಲ್ಲುತ್ತದೆ. ಬೇಸಿಗೆಯಲ್ಲಿ ಗಿರಾಕಿ ಸಿಗದ ಮನೆ ಮಿಷಿಗನ್ನಿನ ಚಳಿಗಾಲವನ್ನು ಒಂಟಿಯಾಗಿ ಕಳೆಯಬೇಕಾಗುತ್ತದೆ.

ಆ ನಾಲ್ಕಾರು ತಿಂಗಳು ಆ ಮನೆ ಯಾರದು? ಕಾಗದದ ಮೇಲೆ ನಮ್ಮದು (ನಮ್ಮದಕ್ಕಿಂತ ಹೆಚ್ಚಾಗಿ ಬ್ಯಾಂಕಿನದು!). ಆದರೆ ಮನಸ್ಸು ಆಗಲೇ ಹೊಸ ಊರಿನಲ್ಲಿ ಹೊಸ ಮನೆ ಹುಡುಕುತ್ತಿರುತ್ತದೆ. ಮುಂದೆ ಅಲ್ಲಿ ಬಾಳುವವರು ಯಾರೆಂದು ಇನ್ನೂ ಗೊತ್ತಿಲ್ಲ. ಹೀಗೆ ಒಬ್ಬರು ಬಿಟ್ಟ, ಮತ್ತೊಬ್ಬರು ಹಿಡಿಯದ ಮನೆಯ ಬಗ್ಗೆ ನಮ್ಮ ಕರ್ತವ್ಯವೇನು? ಇದು ದುಡ್ಡಿನ ಪ್ರಶ್ನೆ ಎಂದು ನಮ್ಮಲ್ಲಿ ಬಹಳ ಮಂದಿ ಭಾವಿಸುತ್ತೇವೆ. ಇದು ಧರ್ಮದ ಪ್ರಶ್ನೆಯೂ ಹೌದು ಎಂದು ನಮಗೆ ತೋರುತ್ತದೆ. ಸ್ವಲ್ಪ ಬಿಡಿಸಿ ನೋಡೋಣ.

ಮೊದಲಿಗೆ ಒಂದು ಸರಳ ಸಂಗತಿ. ಮನೆಯಲ್ಲಿ ಇರುವವರು ತಮಗೆ ಅರಿವಿಲ್ಲದೆಯೇ ದಿನವೂ ಅದನ್ನು ಕಾಪಾಡುತ್ತಿರುತ್ತಾರೆ. ಮಲೆನಾಡಿನ ಕಡೆಯಿಂದ ಬಂದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಲೆ ಉರಿಯುವ ಮನೆಯ ತೊಲೆ ಜಂತೆಗಳಿಗೆ ಹೊಗೆ ಹಿಡಿದು ಹುಳ ದೂರವಿರುತ್ತದೆ. ಒಲೆ ಆರಿದ ಮನೆಗೆ ಗೆದ್ದಲು ಬೇಗ ಹತ್ತುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರಿಲ್ಲದಿದ್ದರೆ ಮಣ್ಣಿನ ಗೋಡೆ ಎಷ್ಟು ಕಾಲ ತಡೆದೀತು? ‘ದೀಪ ಹಚ್ಚುವವರಿಲ್ಲದ ಮನೆ’ ಎಂದು ನಾವು ಮರುಕದಿಂದ ಆಡುವ ಮಾತಿನೊಳಗೆ ಇಂಥ ಅನುಭವವೂ ಇದೆ.

ಇಲ್ಲಿಯ ಮನೆಯೂ ಅಷ್ಟೇ. ಸಿಂಕಿನ ಕೆಳಗಿರುವ ಬಾಗಿದ ಪೈಪಿನಲ್ಲಿ ಸದಾ ಒಂದಿಷ್ಟು ನೀರು ನಿಂತಿದ್ದು, ಚರಂಡಿಯ ಗಾಳಿ ಒಳಗೆ ಬಾರದಂತೆ ತಡೆಯುತ್ತದೆ. ನಾವು ದಿನಾ ಕೈ ತೊಳೆಯುವುದರಿಂದ ಅದು ತುಂಬಿರುತ್ತದೆ. ಕೆಲವು ವಾರ ಯಾರೂ ನಲ್ಲಿ ತಿರುಗಿಸದಿದ್ದರೆ ಆ ನೀರು ಆರಿ, ಮನೆಯೆಲ್ಲ ನಾರುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಪೈಪಿನಲ್ಲಿ ಕಟ್ಟಿದ ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಪೈಪು ಒಡೆಯುತ್ತದೆ. ಮನೆಯಲ್ಲಿ ಜನರಿದ್ದರೆ ಅದು ಆಗಲೇ ಕಿವಿಗೆ ಬೀಳುತ್ತದೆ. ಇಲ್ಲದಿದ್ದರೆ ಮುಂದಿನ ಸಲ ಏಜೆಂಟರು ಬಾಗಿಲು ತೆರೆದಾಗಲೇ ತಿಳಿಯುವುದು. ಬಿಲ್ ಉಳಿಸೋಣವೆಂದು ಕರೆಂಟಿನ ಮೇನ್ ಸ್ವಿಚ್ ಆರಿಸಿ ಹೋದರೋ, ಸಂಪ್ ಪಂಪ್ ನಿಂತು, ಹಿಮ ಕರಗುವ ಕಾಲಕ್ಕೆ ಬೇಸ್‌ಮೆಂಟ್ ಕೆರೆಯಾಗಿರುತ್ತದೆ.

ಇದಕ್ಕೆಲ್ಲ ಉಪಾಯಗಳು ಇಲ್ಲದಿಲ್ಲ. ಥರ್ಮೋಸ್ಟಾಟನ್ನು 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿಸದೆ ಫರ್ನೇಸ್ ನಡೆಯುವಂತೆ ಬಿಡುವುದು, ನೀರಿನ ಮುಖ್ಯ ವಾಲ್ವ್ ಮುಚ್ಚಿ ನಲ್ಲಿಗಳನ್ನು ತೆರೆದು ಬರಿದು ಮಾಡುವುದು ಒಂದು ದಾರಿ. ಪ್ಲಂಬರನ್ನು ಕರೆಸಿ ಇಡೀ ಮನೆಯ ನೀರು ತೆಗೆಸಿ, ಬಾಗಿದ ಪೈಪುಗಳಲ್ಲಿ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ಹಾಕಿಸುವುದು ಇನ್ನೊಂದು. (ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದನ್ನು ಮುಟ್ಟಬೇಡಿ.) ಹಾಗೆ ಮಾಡಿಸಿದಾಗ ಕಮೋಡುಗಳ ಮೇಲೆ ‘ಬಳಸಬಾರದು’ ಎಂದು ಚೀಟಿ ಅಂಟಿಸುವುದನ್ನು ಮರೆಯಬಾರದು, ಮನೆ ನೋಡಲು ಬಂದವರ ಜೊತೆ ಪುಟ್ಟ ಮಕ್ಕಳಿರುತ್ತಾರೆ! ಫ್ರಿಜ್ಜನ್ನು ಖಾಲಿ ಮಾಡಿ, ಬಾಗಿಲು ಮುಚ್ಚಿಕೊಳ್ಳದಂತೆ ಏನಾದರೂ ಅಡ್ಡ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೊಮ್ಮೆ ಒಬ್ಬ ಮನುಷ್ಯ ಒಳಗೆ ಹೋಗಿ ನೋಡಿ ಬರಬೇಕು. ಈ ಕೊನೆಯ ಮಾತಿಗೆ ಮತ್ತೆ ಬರುತ್ತೇವೆ.

ಈಗ ಪ್ರಶ್ನೆ ಕೊಂಚ ತೊಡಕಾಗುತ್ತದೆ. ಮನೆ ಖಾಲಿ ಇದೆ ಎಂಬುದನ್ನು ಯಾರಿಗೆ ಹೇಳಬೇಕು, ಯಾರಿಂದ ಮುಚ್ಚಿಡಬೇಕು?

ಟೈಮರ್ ಇಟ್ಟು ಸಂಜೆ ದೀಪ ಹತ್ತುವಂತೆ ಮಾಡುತ್ತೇವೆ. ಪಕ್ಕದ ಮನೆಯವರ ಕಾರನ್ನು ನಮ್ಮ ಡ್ರೈವ್‌ವೇಯಲ್ಲಿ ನಿಲ್ಲಿಸಲು ಹೇಳುತ್ತೇವೆ. ಹಿಮದ ಮೇಲೆ ಹೆಜ್ಜೆ ಗುರುತಿಲ್ಲದ ಮನೆ ಕಳ್ಳನ ಕಣ್ಣಿಗೆ ಬೀಳುತ್ತದೆಂದು ಯಾರಿಂದಲಾದರೂ ಹಿಮ ಗುಡಿಸುತ್ತೇವೆ. ಜನರಿಲ್ಲದ ಮನೆಯನ್ನು ಜನರಿರುವಂತೆ ತೋರಿಸುವುದು ಸುಳ್ಳಲ್ಲವೆ ಎಂದು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕೇಳಿದರೆ ಉತ್ತರ ಹೇಳಬೇಕಾಗುತ್ತದೆ. ನಮ್ಮ ಉತ್ತರ ಇಷ್ಟು: ನಮ್ಮ ಮನೆ ಖಾಲಿ ಇದೆಯೋ ಇಲ್ಲವೋ ಎಂದು ತಿಳಿಯುವ ಹಕ್ಕು ಕಳ್ಳನಿಗಿಲ್ಲ. ಬೀಗದ ಹಾಗೆ ಈ ದೀಪವೂ ಒಂದು ಅಡ್ಡಗೋಡೆ.

ಇನ್ಷೂರೆನ್ಸ್ ಕಂಪನಿಯ ವಿಷಯ ಹಾಗಲ್ಲ. ಇಲ್ಲಿಯ ಮಾಮೂಲು ಮನೆ ಪಾಲಿಸಿಗಳಲ್ಲಿ, ಮನೆ ಸತತವಾಗಿ 30 ದಿನ ಅಥವಾ 60 ದಿನ (ಪಾಲಿಸಿಯನ್ನು ಅವಲಂಬಿಸಿ) ಮೀರಿ ಖಾಲಿ ಬಿದ್ದಿದ್ದರೆ ಕಿಡಿಗೇಡಿಗಳು ಮಾಡಿದ ಹಾನಿಗೆ ಪರಿಹಾರ ಸಿಗದು. ಪೈಪು ಹೆಪ್ಪುಗಟ್ಟಿ ಒಡೆದರೆ, ಶಾಖ ಇಡಲು ತಕ್ಕ ಎಚ್ಚರ ವಹಿಸಿದ್ದಿರೋ, ಇಲ್ಲವೆ ನೀರು ನಿಲ್ಲಿಸಿ ಪೈಪು ಬರಿದು ಮಾಡಿದ್ದಿರೋ ಎಂದು ಕೇಳುತ್ತಾರೆ. ಖಾಲಿ ಮನೆಗೆ ಬೇರೆಯೇ ಪಾಲಿಸಿ ಉಂಟು, ಅದಕ್ಕೆ ಹಣ ಹೆಚ್ಚು. ಅದನ್ನು ಉಳಿಸಲೆಂದು, ಒಂದು ಮಂಚವನ್ನೂ ಎರಡು ಕುರ್ಚಿಯನ್ನೂ ಬಿಟ್ಟು ಬಂದು ‘ನಾವು ಇನ್ನೂ ಅಲ್ಲೇ ಇದ್ದೇವೆ’ ಎನ್ನುವುದು ಸುಳ್ಳು. ನಮ್ಮ ನಷ್ಟವನ್ನು ಹಂಚಿಕೊಳ್ಳಲು ಒಪ್ಪಿದವರಿಗೆ ನಮ್ಮ ಅಪಾಯವೆಷ್ಟೆಂದು ತಿಳಿಯುವ ಹಕ್ಕಿದೆ.

ನೆರೆಯವರಿಗೂ ಇದೆ. ಖಾಲಿ ಮನೆಯ ಕಷ್ಟ ಅದರ ನಾಲ್ಕು ಗೋಡೆಯೊಳಗೆ ನಿಲ್ಲುವುದಿಲ್ಲ. ಇದನ್ನು ಡೆಟ್ರಾಯಿಟ್ ಪಕ್ಕದಲ್ಲಿದ್ದು ನಾವು ಕಣ್ಣಾರೆ ಕಂಡಿದ್ದೇವೆ. 1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದ ಆ ನಗರದಲ್ಲಿ 2010ರ ಜನಗಣತಿಯ ವೇಳೆಗೆ ಸುಮಾರು 7.14 ಲಕ್ಷ ಮಂದಿ ಉಳಿದಿದ್ದರು. ನಗರ ದಿವಾಳಿ ಅರ್ಜಿ ಹಾಕಿದ ಮರುವರ್ಷ, 2014ರಲ್ಲಿ, ಒಂದು ಕಾರ್ಯತಂಡ ಬೀದಿ ಬೀದಿ ಸುತ್ತಿ ಲೆಕ್ಕ ಹಾಕಿದಾಗ ಪಾಳುಬಿದ್ದ ಹಾಗೂ ಪಾಳುಬೀಳುವ ಲಕ್ಷಣವಿದ್ದ ಕಟ್ಟಡ, ನಿವೇಶನಗಳು 84 ಸಾವಿರಕ್ಕೂ ಹೆಚ್ಚಿದ್ದವು. ಖಾಲಿ ಮನೆಗಳ ಗೋಡೆ ಒಡೆದು ತಾಮ್ರದ ಪೈಪು ಕಿತ್ತುಕೊಂಡು ಹೋಗುತ್ತಿದ್ದರು. ಪಕ್ಕದ ಮನೆಯಲ್ಲಿ ಉಳಿದ ಮುದುಕಿ ಬಾಗಿಲು ಭದ್ರಪಡಿಸಿಕೊಂಡು ಕೂರಬೇಕಾಗಿತ್ತು. ಅದಕ್ಕೆ ಕಾರಣ ನೂರೆಂಟು. ನಮ್ಮದೊಂದು ಮನೆ ಖಾಲಿ ಬಿದ್ದರೆ ನಮ್ಮ ಬೀದಿ ಹಾಗಾಗುವುದಿಲ್ಲ ನಿಜ. ಆದರೂ ನಾವು ಹೊರಟ ಮೇಲೆ ಆ ಮನೆಯನ್ನು ದಿನವೂ ನೋಡುವವರು ನೆರೆಯವರೇ. ಅವರಿಗೆ ನಮ್ಮ ಹೊಸ ಫೋನ್ ನಂಬರ್ ಕೊಡದೆ ಹೋಗುವುದು ಸರಿಯೆ?

ಮನೆ ಮಾರುವಾಗ ನೆರೆಯವರ ಮಾತೇಕೆ ಎನ್ನುವವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಒಮ್ಮೆ ನೋಡಬೇಕು. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚುಹಾಕಿಸಿ ಜಗತ್ತಿಗೆ ತಿಳಿಸಿದರು. ಅದರ ಮೂರನೆಯ ಅಧಿಕರಣದಲ್ಲಿ ಮನೆ, ಹೊಲ, ತೋಟಗಳ ಮಾರಾಟದ ಕ್ರಮವಿದೆ. ಮನೆಯ ಮುಂದೆ ನೆರೆಹೊರೆಯ ನಲವತ್ತು ಕುಲದವರು ಸೇರಿರಬೇಕು, ಎಲ್ಲೆಕಟ್ಟುಗಳನ್ನು ಹಿರಿಯರೆದುರು ಸರಿಯಾಗಿ ಹೇಳಬೇಕು, ಇಂಥ ಬೆಲೆಗೆ ಯಾರು ಕೊಳ್ಳುವಿರಿ ಎಂದು ಮೂರು ಸಲ ಕೂಗಬೇಕು. ಮನೆಯ ಗುಣದೋಷ ಬಲ್ಲ ನೆರೆಯವರು ಎದುರಿಗೇ ನಿಂತಿರುವಾಗ ಸುಳ್ಳು ಹೇಳಲು ಯಾರಿಗೆ ಬಾಯಿ ಬಂದೀತು? ಇಂದು ಬೀಗದ ಪೆಟ್ಟಿಗೆಯೊಳಗೆ ಕೀಲಿ ಇಟ್ಟು ಎರಡು ಸಾವಿರ ಮೈಲಿ ಆಚೆ ಕೂತು ಮಾರುವ ನಮಗೆ ಆ ನಲವತ್ತು ಸಾಕ್ಷಿಗಳಿಲ್ಲ. ಅವರ ಜಾಗದಲ್ಲಿ ನಮ್ಮ ಮನಸ್ಸಾಕ್ಷಿಯೇ ನಿಲ್ಲಬೇಕು.

ಮುಂದಿನದು ಅಲಂಕಾರದ ವಿಷಯ. ಮನೆ ಬೇಗ ಮಾರಾಟವಾಗಲೆಂದು ಏಜೆಂಟರು ಒಂದು ದೊಡ್ಡ ಪಟ್ಟಿ ಕೊಡುತ್ತಾರೆ: ಗೋಡೆಗೆ ತಿಳಿ ಬಣ್ಣ, ಕಾರ್ಪೆಟ್ ತೊಳೆಸುವುದು, ಬಾಡಿಗೆ ಸೋಫಾ, ಒಗ್ಗರಣೆಯ ವಾಸನೆ ಹೋಗಲಾಡಿಸುವುದು, ಮನೆಯವರ ಫೋಟೋ ತೆಗೆಯುವುದು, ದೇವರ ಗೂಡನ್ನು ಮತ್ತೆ ಕ್ಲಾಸೆಟ್ ಮಾಡುವುದು. ಇಪ್ಪತ್ತು ವರ್ಷ ನಂದಾದೀಪ ಉರಿದ ಗೂಡಿನಲ್ಲಿ ಕೋಟುಗಳ ಹ್ಯಾಂಗರ್ ತೂಗುಹಾಕುವಾಗ ಯಾರಿಗಾದರೂ ಕರುಳು ಚುರುಕ್ ಎನ್ನುತ್ತದೆ. ಆದರೂ ಇದರಲ್ಲಿ ಮೋಸವೇನೂ ಕಾಣುವುದಿಲ್ಲ. ಮಾರುತ್ತಿರುವುದು ಮನೆಯನ್ನು, ನಮ್ಮ ಬದುಕನ್ನಲ್ಲ. ಬರುವವರಿಗೆ ತಮ್ಮ ಬದುಕನ್ನು ಅಲ್ಲಿ ಊಹಿಸಿಕೊಳ್ಳಲು ಜಾಗ ಬಿಟ್ಟುಕೊಡುವುದು ಒಂದು ಬಗೆಯ ಅತಿಥಿಸತ್ಕಾರವೇ.

ಎಲ್ಲಿ ಗೆರೆ ದಾಟುತ್ತೇವೆ? ಎರಡು ಸಾವಿರ ವರ್ಷಕ್ಕೂ ಹಿಂದೆ, ಕ್ರಿ.ಪೂ. 44ರಲ್ಲಿ, ರೋಮಿನ ಸಿಸೆರೊ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಂದು ಕಥೆಯಿದೆ. ಸಿರಾಕ್ಯೂಸ್ ಊರಿನ ಪಿಥಿಯಸ್ ಎಂಬ ಲೇವಾದೇವಿಗಾರನ ಬಳಿ ಸಮುದ್ರದಂಡೆಯ ತೋಟವೊಂದಿತ್ತು. ಕೊಳ್ಳುವ ಆಸೆಯಿದ್ದ ಕ್ಯಾನಿಯಸ್ ಎಂಬ ರೋಮನ್ನನನ್ನು ಅವನು ಊಟಕ್ಕೆ ಕರೆದ. ಹಿಂದಿನ ದಿನವೇ ಊರಿನ ಬೆಸ್ತರನ್ನು ಕರೆಸಿ, ನಾಳೆ ನನ್ನ ತೋಟದ ಮುಂದೆಯೇ ಮೀನು ಹಿಡಿಯಿರಿ ಎಂದು ಹೇಳಿಟ್ಟಿದ್ದ. ಕ್ಯಾನಿಯಸ್ ಬಂದು ನೋಡುತ್ತಾನೆ, ದೋಣಿಗಳ ಸಾಲು! ಊರಿನ ಮೀನೆಲ್ಲ ಸಿಗುವುದು ಇಲ್ಲಿಯೇ ಎಂದು ನಂಬಿ, ಕೇಳಿದಷ್ಟು ಕೊಟ್ಟು ಕೊಂಡುಕೊಂಡ. ಮರುದಿನ ಒಂದು ದೋಣಿಯೂ ಇಲ್ಲ. ಇಂದು ‘ಸ್ಟೇಜಿಂಗ್’ ಎನ್ನುವ ಕಲೆಗೆ ಪಿಥಿಯಸ್ ಮೂಲಪುರುಷ ಎನ್ನಬಹುದೇನೋ!

ಬಾಡಿಗೆ ಸೋಫಾಕ್ಕೂ ಬಾಡಿಗೆ ದೋಣಿಗೂ ವ್ಯತ್ಯಾಸವಿದೆ. ಸೋಫಾ ಮನೆಯ ಜೊತೆ ಬರುವುದಿಲ್ಲವೆಂದು ನೋಡುವವರಿಗೆ ಗೊತ್ತು. ದೋಣಿಗಳು ನಾಳೆ ಇರುವುದಿಲ್ಲವೆಂದು ಕ್ಯಾನಿಯಸನಿಗೆ ಗೊತ್ತಿರಲಿಲ್ಲ; ಗೊತ್ತಾಗಬಾರದು ಎಂಬುದೇ ಪಿಥಿಯಸನ ಉದ್ದೇಶ. ಇದರಿಂದ ಒಂದು ಒರೆಗಲ್ಲು ಸಿಗುತ್ತದೆ. ಖಾಲಿ ಮನೆಯಲ್ಲಿ ನಾವು ಮಾಡಿಸುವ ಪ್ರತಿಯೊಂದು ಕೆಲಸವನ್ನೂ, ಏಕೆ ಮಾಡಿಸಿದೆವು ಎಂಬುದನ್ನು ಸೇರಿಸಿ, ಕೊಳ್ಳುವವರಿಗೆ ಹೇಳಬಲ್ಲೆವೇ? ‘ಗೋಡೆ ಮಾಸಿತ್ತು, ಬಣ್ಣ ಹೊಡೆಸಿದೆವು’ ಎನ್ನಲು ನಾಲಿಗೆ ತಡವರಿಸುವುದಿಲ್ಲ. ‘ಬೇಸ್‌ಮೆಂಟಿನಲ್ಲಿ ನೀರು ಜಿನುಗಿದ ಕಲೆ ಕಾಣಬಾರದೆಂದು ಬಣ್ಣ ಹೊಡೆಸಿದೆವು’ ಎನ್ನಲು ಯಾರೂ ಬಾಯಿ ಬಿಡುವುದಿಲ್ಲ. ಡಬ್ಬ ಒಂದೇ, ಬಣ್ಣ ಒಂದೇ. ಎರಡನೆಯದಕ್ಕೆ ನಮ್ಮವರು ಬಹಳ ಹಿಂದೆಯೇ ‘ಮೇಲೆ ಥಳಕು, ಒಳಗೆ ಹುಳುಕು’ ಎಂದು ಹೆಸರಿಟ್ಟಿದ್ದಾರೆ.

ಇರಲಿ, ಮುಚ್ಚುವುದು ಬೇಡ; ಸುಮ್ಮನಿರಬಹುದೇ? ಕೇಳಿದರೆ ಹೇಳೋಣ, ಕೇಳದಿದ್ದರೆ ನಮಗೇಕೆ? ಇದೇ ಪ್ರಶ್ನೆಯನ್ನು ಸಿಸೆರೊ ಇನ್ನೊಂದು ಮನೆಯ ಉದಾಹರಣೆಯಿಂದ ಚರ್ಚಿಸಿದ್ದಾನೆ. ಆ ಮನೆಯ ಮರಮುಟ್ಟು ಕೆಟ್ಟಿದೆ, ಮಲಗುವ ಕೋಣೆಗಳಲ್ಲಿ ಹಾವು ಬರುತ್ತವೆ, ಇದು ಯಜಮಾನನಿಗೆ ಮಾತ್ರ ಗೊತ್ತು. ಡಯೋಜನೀಸ್ ಎಂಬ ತತ್ತ್ವಜ್ಞಾನಿಯ ವಾದ: ಕೊಳ್ಳಲು ಯಾರೂ ಬಲವಂತ ಮಾಡಲಿಲ್ಲ, ನೋಡಿ ಕೊಳ್ಳುವುದು ಅವನ ಕೆಲಸ, ತನ್ನ ಮನೆಗೆ ರೋಗವಿದೆಯೆಂದು ಡಂಗುರ ಸಾರುವ ಮೂರ್ಖರುಂಟೆ? ಅವನ ಶಿಷ್ಯ ಆಂಟಿಪೇಟರನ ವಾದ: ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದೇ ಪಾಪವಾದರೆ, ಗೊತ್ತಿದ್ದೂ ಒಬ್ಬನನ್ನು ಹಳ್ಳಕ್ಕೆ ಬೀಳಲು ಬಿಡುವುದು ಅದಕ್ಕಿಂತ ಕೆಟ್ಟದ್ದು. ಸಿಸೆರೊ ಶಿಷ್ಯನ ಪಕ್ಷ ಹಿಡಿದ. ಎಲ್ಲವನ್ನೂ ಹೇಳಬೇಕಿಲ್ಲ, ಆದರೆ ಕೇಳುವವನಿಗೆ ಬೇಕಾದ ಸಂಗತಿಯನ್ನು ನಮ್ಮ ಲಾಭಕ್ಕಾಗಿ ಅವನಿಂದ ದೂರವಿಡುವುದೇ ಮರೆಮಾಚುವುದು ಎಂಬುದು ಅವನ ತೀರ್ಪಿನ ಸಾರ.

ಕಾನೂನು ನಿಧಾನವಾಗಿ ಅದೇ ದಾರಿಗೆ ಬಂದಿದೆ. ನ್ಯೂಯಾರ್ಕ್ ರಾಜ್ಯದ ನಾಯಕ್ ಎಂಬ ಊರಿನ ಮನೆಯೊಂದರ ಒಡತಿ, ತನ್ನ ಮನೆಯಲ್ಲಿ ದೆವ್ವಗಳಿವೆ ಎಂದು 1977ರಲ್ಲಿ ರೀಡರ್ಸ್ ಡೈಜೆಸ್ಟಿನಲ್ಲೇ ಹೇಳಿಕೊಂಡು, ಮಾರುವಾಗ ಮಾತ್ರ ಸುಮ್ಮನಿದ್ದಳು. ಕೊಂಡವನು ಕೋರ್ಟಿಗೆ ಹೋದ. 1991ರಲ್ಲಿ ಮೇಲ್ಮನವಿ ನ್ಯಾಯಾಲಯ, ಊರಿಗೆಲ್ಲ ಹೇಳಿದ ಮೇಲೆ ಈಗ ಇಲ್ಲ ಎನ್ನುವಂತಿಲ್ಲ, ಕಾನೂನಿನ ದೃಷ್ಟಿಯಲ್ಲಿ ಈ ಮನೆಯಲ್ಲಿ ದೆವ್ವ ಇದೆ ಎಂದು ಹೇಳಿ, ಕರಾರಿನಿಂದ ಹೊರಬರಲು ಅವನಿಗೆ ಅವಕಾಶ ಕೊಟ್ಟಿತು. ಮನೆಯನ್ನು ‘ಖಾಲಿ’ ಮಾಡಿಕೊಡಬೇಕೆಂಬ ಷರತ್ತಿದೆ, ದೆವ್ವಗಳಿದ್ದರೆ ಅದು ಖಾಲಿ ಹೇಗಾದೀತು ಎಂದೂ ನ್ಯಾಯಮೂರ್ತಿಗಳು ಚಟಾಕಿ ಹಾರಿಸಿದ್ದಾರೆ!

ನಮ್ಮ ಮಿಷಿಗನ್ನಿನಲ್ಲಿ 1993ರ ಕಾಯಿದೆಯ ಪ್ರಕಾರ ಮಾರುವವರು ಒಂದು ಫಾರಂ ತುಂಬಿಕೊಡಬೇಕು. ಬೇಸ್‌ಮೆಂಟಿನಲ್ಲಿ ನೀರಿನ ಗುರುತು ಕಂಡಿದೆಯೆ, ಛಾವಣಿ ಸೋರುತ್ತದೆಯೆ ಎಂಬಂಥ ಪ್ರಶ್ನೆಗಳಿಗೆ ‘ಹೌದು’, ‘ಇಲ್ಲ’ ಎನ್ನುವುದಲ್ಲದೆ ‘ಗೊತ್ತಿಲ್ಲ’ ಎನ್ನಲೂ ಅದರಲ್ಲಿ ಜಾಗವಿದೆ. ಫಾರಂ ಕೊಟ್ಟ ದಿನದಿಂದ ಕ್ಲೋಸಿಂಗ್ ದಿನದವರೆಗೆ ಏನಾದರೂ ಬದಲಾದರೆ ಕೂಡಲೇ ತಿಳಿಸುತ್ತೇವೆ ಎಂಬ ಮಾತೂ ಅದರಲ್ಲಿದೆ.

ನಮ್ಮ ಮಟ್ಟಿಗೆ ಇಡೀ ಪ್ರಶ್ನೆಯ ಗಂಟು ಇರುವುದು ಈ ‘ಗೊತ್ತಿಲ್ಲ’ದಲ್ಲಿ. ಮನೆಯಲ್ಲೇ ವಾಸವಾಗಿರುವವರು ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ. ಖಾಲಿ ಮನೆಯ ಯಜಮಾನರು ಹೇಳಿದರೆ ಅದು ನಿಜವೇ ಆಗಿರುತ್ತದೆ! ಅಕ್ಟೋಬರ್‌ನಲ್ಲಿ ಹೊರಟವರು ಮಾರ್ಚ್‌ನಲ್ಲಿ, ಛಾವಣಿ ಸೋರುತ್ತಿದೆಯೋ ಏನೋ ನಮಗೆ ಗೊತ್ತಿಲ್ಲ ಎಂದರೆ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಗೊತ್ತಿಲ್ಲದಿರುವುದಕ್ಕೆ ಕಾರಣ ಹೋಗಿ ನೋಡದಿರುವುದು, ಯಾರನ್ನೂ ನೋಡಲು ನೇಮಿಸದಿರುವುದು. ನೋಡಿದರೆ ಹೇಳಬೇಕಾದೀತು, ಹೇಳಿದರೆ ಬೆಲೆ ಇಳಿದೀತು ಎಂಬ ಲೆಕ್ಕ ಮನಸ್ಸಿನ ಮೂಲೆಯಲ್ಲಿದ್ದರೆ, ಆ ಅಜ್ಞಾನ ನಾವೇ ಬೆಳೆಸಿಕೊಂಡದ್ದು. ಅದರ ಫಲವನ್ನು ಉಣ್ಣುವವರು ಮಾತ್ರ ಬೇರೆಯವರು. ಆದ್ದರಿಂದ ವಾರಕ್ಕೊಮ್ಮೆ ಮನೆ ನೋಡಿ ಬರುವ ಏರ್ಪಾಡು ಪೈಪು ಉಳಿಸುವ ಉಪಾಯವಷ್ಟೇ ಆಗಿ ಉಳಿಯುವುದಿಲ್ಲ. ನಿಜ ಹೇಳುವ ಯೋಗ್ಯತೆಯನ್ನು ನಾವು ಉಳಿಸಿಕೊಳ್ಳುವುದು ಅದರಿಂದಲೇ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಬರುತ್ತದೆ. ಎರಡು ಕಡೆ ಮಾರ್ಟ್‌ಗೇಜ್ ಕಟ್ಟುತ್ತ, ಕೆಲಸ ಹೋದ ಭಯದಲ್ಲಿ ರಾತ್ರಿ ನಿದ್ದೆ ಬಾರದವರಿಗೆ ಧರ್ಮೋಪದೇಶ ಮಾಡುವುದು ಸುಲಭ. ಇದನ್ನು ನಾವು ಒಪ್ಪುತ್ತೇವೆ. ಎಲ್ಲವನ್ನೂ ರಿಪೇರಿ ಮಾಡಿಸಿಯೇ ಮಾರಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಹಳೆಯ ಫರ್ನೇಸನ್ನು ಹಳೆಯದೆಂದು ಹೇಳಿ, ಬೆಲೆ ಇಳಿಸಿ ಕೊಡಬಹುದು. ಹೇಳಿದ್ದರಿಂದ ಕೆಲವು ಸಾವಿರ ಡಾಲರ್ ಕಡಿಮೆ ಬಂದರೆ ನಮಗೆ ಆದ ನಷ್ಟ ಎಷ್ಟೆಂದು ಅಂದೇ ಗೊತ್ತಾಗುತ್ತದೆ. ಹೇಳದಿದ್ದರೆ ಅದೇ ನಷ್ಟ ಹತ್ತರಷ್ಟಾಗಿ, ಡೌನ್ ಪೇಮೆಂಟಿಗೆಂದು ಇದ್ದುದನ್ನೆಲ್ಲ ಒಟ್ಟುಗೂಡಿಸಿ ಬಂದ ಯಾವುದೋ ಎಳೆಯ ಸಂಸಾರದ ತಲೆಯ ಮೇಲೆ ಬೀಳುತ್ತದೆ. ಮೊದಲ ಮನೆ ಕೊಂಡಾಗ ನಾವೂ ಹಾಗೆಯೇ ಇದ್ದೆವಲ್ಲವೆ?

ಊರಿನಲ್ಲಿರುವ ಮನೆಗೂ ಈ ಮಾತು ಸಲ್ಲುತ್ತದೆ. ಮೈಸೂರಿನಲ್ಲೋ ಧಾರವಾಡದಲ್ಲೋ ತಂದೆತಾಯಿ ಬಾಳಿ ಹೋದ ಮನೆಗೆ ಬೀಗ ಹಾಕಿ, ಯಾರದೋ ಕೈಗೆ ಮುಖ್ತ್ಯಾರನಾಮೆ ಕೊಟ್ಟು, ಇಲ್ಲಿಂದಲೇ ಮಾರುವವರು ನಮ್ಮಲ್ಲಿ ಹೆಚ್ಚುತ್ತಿದ್ದೇವೆ. ಭಾರತದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ಆದರೆ ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು ಹೇಳಲೇಬೇಕು. ಕರಾರಾದ ದಿನದಿಂದ ಸ್ವಾಧೀನ ಕೊಡುವ ದಿನದವರೆಗೆ, ಸಾಮಾನ್ಯ ವಿವೇಕವುಳ್ಳ ಯಜಮಾನ ತನ್ನ ಸ್ವತ್ತನ್ನು ನೋಡಿಕೊಳ್ಳುವಂತೆ ಅದನ್ನು ನೋಡಿಕೊಳ್ಳಬೇಕು. ಕಾನೂನು ಈ ಎರಡನೆಯ ಹೊಣೆಯನ್ನು ಕರಾರಿನ ದಿನದಿಂದ ಎಣಿಸುತ್ತದೆ. ಬೀಗ ಹಾಕಿದ ದಿನದಿಂದಲೇ ಎಣಿಸಿಕೊಂಡರೆ ನಮಗೆ ಶೋಭೆ.

ಕೊನೆಯಲ್ಲಿ ಒಂದು ಸಣ್ಣ ಸಲಹೆ. ಮನೆ ಖಾಲಿ ಮಾಡುವ ದಿನ ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ನೋಟ್‌ಪುಸ್ತಕ ಇಟ್ಟು ಹೋಗೋಣ. ಫರ್ನೇಸಿನ ಫಿಲ್ಟರ್ ಬದಲಾಯಿಸಿದ ದಿನ, ನೀರಿನ ವಾಲ್ವ್ ಎಲ್ಲಿದೆ, ಜೋರು ಮಳೆ ಬಂದಾಗ ಯಾವ ಕಿಟಕಿಯ ಬಳಿ ನೋಡಬೇಕು ಎಂಬುದೆಲ್ಲ ಅದರಲ್ಲಿರಲಿ. ವಾರಕ್ಕೊಮ್ಮೆ ಹೋಗಿ ಬರುವ ಸ್ನೇಹಿತರು ತಾರೀಖು ಹಾಕಿ ಕಂಡದ್ದನ್ನು ಬರೆಯಲಿ. ಕ್ಲೋಸಿಂಗ್ ದಿನ ಕೀಲಿಯ ಜೊತೆ ಆ ಪುಸ್ತಕವನ್ನೂ ಕೊಟ್ಟುಬಿಡೋಣ. ನಮ್ಮ ಸಂಘದ ಸದಸ್ಯರಲ್ಲಿ ಯಾರಾದರೂ ಊರು ಬಿಟ್ಟು ಹೊರಟರೆ, ಅವರ ಮನೆಗೆ ವಾರದ ಸರದಿಯಲ್ಲಿ ಹೋಗಿ ಬರಲು ನಾಲ್ಕು ಕುಟುಂಬಗಳು ಒಪ್ಪಿಕೊಂಡರೆ ಒಬ್ಬೊಬ್ಬರಿಗೆ ಬರುವುದು ತಿಂಗಳಿಗೆ ಒಂದೇ ಸರದಿ. ಈ ಚಳಿಗಾಲ ಬರುವ ಮುಂಚೆ ಇದನ್ನು ಕುರಿತು ಒಮ್ಮೆ ಕೂತು ಮಾತನಾಡೋಣವೆ?